ತಾಸಿನ ದಿಬ್ಬ

ಕೆನಡಾದ ಸೇಂಟ್ ಲಾರೆನ್ಸ್ ನದಿಯ ದಂಡೆಯಲ್ಲಿ, ಒಂದು ಹಳೆಯ ಫ್ರೆಂಚ್ ಹಳ್ಳಿಯ ಹಿಂದೆ, ಬೋಳು ದಿಬ್ಬವೊಂದಿದೆ. ಅದರ ನೆತ್ತಿಯಲ್ಲಿ ಒಂದು ಚಪ್ಪಡಿಗಲ್ಲು. ಅಲ್ಲಿ ಕೂತರೆ ನದಿಯ ಆಚೆ ದಡದವರೆಗೂ ಕಣ್ಣು ಹಾಯುತ್ತದೆ. ಇದನ್ನು ತಾಸಿನ ದಿಬ್ಬ ಎನ್ನುತ್ತಾರೆ. ಹತ್ತಲು ತಾಸು ಬೇಕೆಂದು ತಿಳಿದು ಬುತ್ತಿ ಕಟ್ಟಿಕೊಂಡು ಬರುವವರಿದ್ದಾರೆ. ಹತ್ತು ನಿಮಿಷವೂ ಹಿಡಿಯುವುದಿಲ್ಲ.

ಹಿಂದೆ ಒಮ್ಮೆ, ಆ ಸೀಮೆ ಇಂಗ್ಲೆಂಡಿನಿಂದ ಬಂದ ಗವರ್ನರನ ಕೈಯಲ್ಲಿದ್ದಾಗ, ಉರ್ಸುಲ್ ಎಂಬ ವಿಧವೆ ಆ ಹಳ್ಳಿಯಲ್ಲಿದ್ದಳು. ಜನ ಆರಿಸಿದ ಸಭೆ ಏನು ಹೇಳಿದರೂ ಗವರ್ನರ್ ತನ್ನ ಬಳಗದ ಮಾತನ್ನೇ ಕೇಳುತ್ತಿದ್ದ ಕಾಲವದು. ಇದು ಬದಲಾಗಬೇಕೆನ್ನುವ ಸುಧಾರಣೆಯ ಪಕ್ಷದವನೊಬ್ಬ ಆ ಚಳಿಗಾಲ ಚುನಾವಣೆಗೆ ನಿಂತ. ಎದುರಿಗೆ ನಿಂತವನು ಊರಿನ ಜಮೀನ್ದಾರ. ಆಗ ಚೀಟಿಯಿರಲಿಲ್ಲ. ಕಟ್ಟೆ ಹತ್ತಿ ಎಲ್ಲರೆದುರು ಬಾಯಿಬಿಟ್ಟು ಹೆಸರು ಹೇಳಬೇಕು. ನದಿಯ ಎರಡೂ ದಡಕ್ಕೆ ಇದ್ದದ್ದು ಜಮೀನ್ದಾರನ ಗಿರಣಿಯೊಂದೇ. ಅವನ ವಿರುದ್ಧ ಬಾಯಿಬಿಟ್ಟವರ ಗೋಧಿಗೆ ಅಲ್ಲಿ ಸರದಿ ಬರುತ್ತಿರಲಿಲ್ಲ. ಸ್ವಂತ ಹೊಲವಿದ್ದುದರಿಂದ ಉರ್ಸುಲಳಿಗೂ ಒಂದು ಮತವಿತ್ತು.

ಇನ್ನೊಂದು ನಿಯಮವೂ ಇತ್ತು. ಒಂದು ತಾಸು ಯಾರೂ ಮತ ಹೇಳದಿದ್ದರೆ ಮತಗಟ್ಟೆ ಮುಚ್ಚಿಬಿಡಬೇಕು. ಮೂರನೆಯ ದಿನ ಜಮೀನ್ದಾರ ಆರು ಮತ ಮುಂದಿದ್ದ. ಅವನ ಕಡೆಯವರು ಬಾಯಿಗೆ ಬೀಗ ಹಾಕಿಕೊಂಡು ತಾಸು ಕಳೆಯುವುದನ್ನೇ ಕಾಯುತ್ತ ನಿಂತರು. ಆಚೆ ದಡದ ಹನ್ನೊಂದು ಮಂದಿ ರೈತರು, ಅವರಲ್ಲಿ ಉರ್ಸುಲಳ ತಮ್ಮ ನಾರ್ಸಿಸ್ ಒಬ್ಬ, ಹೆಪ್ಪುಗಟ್ಟಿದ ನದಿ ದಾಟಿ ಬರುತ್ತೇವೆಂದು ಮಾತು ಕೊಟ್ಟಿದ್ದರು. ಅವಳು ದಿಬ್ಬದ ಮೇಲೆ ಕೂತು ಹಾದಿ ಕಾದಳು. ಇನ್ನೇನು ತಾಸು ಮುಗಿಯಬೇಕು ಎನ್ನುವಾಗ ಇಳಿದು ಹೋಗಿ, ನೀರಿಗಿಳಿದ ಮೇಲೆ ಚಳಿಯೇನು ಎಂದುಕೊಂಡು, ಸುಧಾರಣೆಯವನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಮತಗಟ್ಟೆಗೆ ಇನ್ನೊಂದು ತಾಸು ಜೀವ ಬಂತು. ಮತ್ತೆ ದಿಬ್ಬ ಹತ್ತಿದಾಗ ಆಚೆ ದಡದಲ್ಲಿ ಹನ್ನೊಂದು ಜನ ನಿಂತಿರುವುದು ಕಾಣಿಸಿತು. ಕೈ ಬೀಸಿದಳು. ಯಾರೂ ಮಂಜುಗಡ್ಡೆಯ ಮೇಲೆ ಕಾಲಿಡಲಿಲ್ಲ. ಗಿರಣಿ ನೆನಪಾಗಿರಬೇಕು. ತಾಸು ಮುಗಿಯುವ ಮೊದಲೇ ಒಬ್ಬೊಬ್ಬರಾಗಿ ಹಿಂದಿರುಗಿದರು. ಕೊನೆಗೆ ಹೋದವನು ನಾರ್ಸಿಸ್. ಅಷ್ಟು ಒಂಟಿತನ ಅವಳಿಗೆ ಗಂಡ ಸತ್ತ ದಿನವೂ ಆಗಿರಲಿಲ್ಲ. ಆಮೇಲಿನ ಹದಿನೈದು ವರ್ಷ ತನ್ನ ಗೋಧಿಯನ್ನು ಮನೆಯಲ್ಲೇ ಕುಟ್ಟಿಕೊಂಡಳು.

ಕೊನೆಗೂ ಸುಧಾರಣೆ ಬಂತು. ಗವರ್ನರ್ ಸಭೆಯ ಮಾತಿಗೆ ತಲೆಬಾಗಿದ. ಮರುವರ್ಷವೇ ಅದೇ ಸಭೆ ಹೆಂಗಸರಿಗೆ ಮತವಿಲ್ಲವೆಂದು ಕಾನೂನು ಮಾಡಿತು. ಮುಂದಿನ ಚುನಾವಣೆಯಲ್ಲಿ ಗಂಡಸರೆಲ್ಲ ಕಟ್ಟೆ ಹತ್ತುತ್ತಿದ್ದರೆ ಉರ್ಸುಲ್ ದಿಬ್ಬ ಹತ್ತಿ ಒಂದು ತಾಸು ಕೂತಳು. ನಾರ್ಸಿಸ್ ಹುಡುಕಿಕೊಂಡು ಬಂದ.

"ಗೆದ್ದೆವು ಅಕ್ಕ," ಎಂದ. "ಈ ಸಲ ನಾನೂ ಗಟ್ಟಿಯಾಗಿ ಹೇಳಿದೆ."

"ಒಳ್ಳೇದಾಯಿತು ಕಣೋ," ಎಂದಳು, ನದಿಯಿಂದ ಕಣ್ಣು ತೆಗೆಯದೆ. "ನನ್ನ ಹತ್ತಿರ ಇದ್ದದ್ದು ಒಂದು ತಾಸು. ಅದನ್ನು ಅವತ್ತೇ ನಿಮಗೆ ಕೊಟ್ಟುಬಿಟ್ಟೆ."

ಪಕ್ಕದಲ್ಲಿ ಜಾಗವಿತ್ತು, ಅವನು ಕೂರಲಿಲ್ಲ ಎನ್ನುತ್ತಾರೆ. ಬದುಕಿದ್ದಷ್ಟು ಕಾಲ ಪ್ರತಿ ಚುನಾವಣೆಯ ದಿನವೂ ಅವಳು ಅಲ್ಲಿ ಒಂದು ತಾಸು ಕೂರುವುದನ್ನು ಬಿಡಲಿಲ್ಲ. ಈಗ ಹೋದವರೂ ನೋಡಬಹುದು: ಚಪ್ಪಡಿ ಇಬ್ಬರಿಗೆ ಸಾಲುವಷ್ಟು ಅಗಲವಿದೆ, ಸವೆದಿರುವುದು ಒಂದೇ ಬದಿ.