ಕಾಲು ಹಿಡಿದವನು

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ನಾನು ಬಾಯಿ ತೆರೆದರೆ ಸಾಕು, ನನ್ನ ಸಹಪಾಠಿಯೊಬ್ಬ ತಪ್ಪು ಹಿಡಿಯುತ್ತಾನೆ. ಅವನ ಜೊತೆ ಕೂತು ಓದುವುದನ್ನು ಬಿಟ್ಟರೆ ದೋಷವೇನು ಗುರುಗಳೇ?"

ಗುರುಗಳು ಹೇಳಿದರು:

ಬಯಲುಸೀಮೆಯ ಒಂದು ಕಾಲೇಜಿನಲ್ಲಿ ಭರಮೇಶ ಎಂಬ ಕಬಡ್ಡಿ ಆಟಗಾರನಿದ್ದ. ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಮುಟ್ಟಿ, ಉಸಿರು ಕಡಿಯುವ ಮೊದಲು ಗೆರೆಗೆ ಮರಳುವುದು ಅವನ ಕೆಲಸ. ಮೊದಲ ವರ್ಷ ಅವನನ್ನು ಯಾರೂ ಆಡಿಸಲಿಲ್ಲ. ಎರಡನೆಯ ವರ್ಷ ಹಿರಿಯ ಆಟಗಾರನೊಬ್ಬನ ಭುಜದ ಕೀಲು ತಪ್ಪಿತು, ಇವನಿಗೆ ಜಾಗ ಸಿಕ್ಕಿತು. ಆ ವರ್ಷವೇ ಕಾಲೇಜು ಕಪ್ ಗೆದ್ದಿತು. ಹುಡುಗರು ಅವನನ್ನು ಹೆಗಲ ಮೇಲೆ ಹೊತ್ತು ಹಾಸ್ಟೆಲಿಗೆ ತಂದರು.

ಅದೇ ತಂಡದಲ್ಲಿ ನಿಂಗರಾಜ ಎಂಬವನೂ ಇದ್ದ. ಪಂದ್ಯಗಳಲ್ಲಿ ಅವನಿಗೆ ಜಾಗವಿರಲಿಲ್ಲ. ಅಭ್ಯಾಸದ ವೇಳೆ ಭರಮೇಶನ ಕಾಲು ಹಿಡಿಯುವುದಷ್ಟೇ ಅವನ ಪಾಲಿಗೆ ಬಂದದ್ದು. ಒಮ್ಮೆ ಹಿಡಿದರೆ ಬಿಡುತ್ತಿರಲಿಲ್ಲ.

ಹೆಸರು ಬಂದ ಮೇಲೆ ಬೀಳುವುದು ಭರಮೇಶನಿಗೆ ಅವಮಾನವಾಯಿತು. ಅಭ್ಯಾಸ ನೋಡಲೂ ಜನ ಸೇರುತ್ತಿದ್ದರು. ಒಂದು ಸಂಜೆ ಅವರೆಲ್ಲರ ಎದುರು ನಿಂಗರಾಜ ಅವನನ್ನು ಮೂರು ಸಲ ಕೆಡವಿದ. ಭರಮೇಶ ಎದ್ದು ಮಣ್ಣು ಕೊಡವಿಕೊಂಡು ಕೋಚ್ ಹತ್ತಿರ ಹೋದ. "ಸರ್, ಇವನು ನನ್ನ ಕಾಲು ಮುರಿಯುತ್ತಾನೆ. ಇವನಿದ್ದರೆ ನಾನು ಆಡುವುದಿಲ್ಲ" ಎಂದ.

ಕೋಚ್‌ಗೆ ಕಪ್ ಬೇಕಿತ್ತು. ನಿಂಗರಾಜನನ್ನು ತಂಡದಿಂದ ತೆಗೆದರು. ತಂಡದಲ್ಲಿಲ್ಲದವನಿಗೆ ಆಟಗಾರರ ಹಾಸ್ಟೆಲಿನಲ್ಲಿ ಊಟವಿಲ್ಲ. ಅವನು ಓದು ಬಿಟ್ಟು ಹೋದ. ಹೋಗುವಾಗ ಯಾರನ್ನೂ ಬೈಯಲಿಲ್ಲ.

ಉಳಿದವರು ಭರಮೇಶನನ್ನು ಮೆತ್ತಗೆ ಹಿಡಿದರು, ಬೇಗ ಬಿಟ್ಟರು. ಅವನ ಓಟ ನೋಡಿ ಜನ ಚಪ್ಪಾಳೆ ತಟ್ಟಿದರು.

ಕೊನೆಯ ವರ್ಷ, ಆಟಗಾರರಿಗೆ ನೌಕರಿ ಕೊಡುವ ಒಂದು ದೊಡ್ಡ ತಂಡ ಅವನನ್ನು ಆಯ್ಕೆಗೆ ಕರೆಯಿತು. ಅವನು ಐದು ಸಲ ಒಳಗೆ ನುಗ್ಗಿದ. ಐದು ಸಲವೂ ಕಾಲು ಸಿಕ್ಕಿಬಿತ್ತು. ಕೊನೆಯ ಸಲ ಬಿಡಿಸಿಕೊಳ್ಳಲು ತಿರುಗಿದಾಗ ಮೊಣಕಾಲು ಹೊರಳಿತು. ಅವನನ್ನು ಎತ್ತಿ ಬದಿಗೆ ಮಲಗಿಸಿ, ಮುಂದಿನವನ ಹೆಸರು ಕರೆದರು. ಅಲ್ಲಿಗೆ ಅವನ ಆಟ ಮುಗಿಯಿತು.

ಕುಂಟುವುದು ಕಡಿಮೆಯಾದ ಮೇಲೆ ಅವನು ನಿಂಗರಾಜನನ್ನು ಹುಡುಕಿಕೊಂಡು ಹೋದ. ನಿಂಗರಾಜ ಅಕ್ಕಿ ಗಿರಣಿಯೊಂದರಲ್ಲಿ ಮೂಟೆ ಹೊರುತ್ತಿದ್ದ.

ಭರಮೇಶ ಕೇಳಿದ: "ಅಷ್ಟು ಬಿಗಿಯಾಗಿ ಯಾಕೆ ಹಿಡಿಯುತ್ತಿದ್ದೆ? ನನ್ನ ಮೇಲೆ ಸಿಟ್ಟಿತ್ತೇ?"

"ಸಿಟ್ಟು ಯಾಕೆ? ತಿರುಗುವ ಮೊದಲು ನೀನು ಎಡಗಾಲು ಊರಿ ಒಂದು ಕ್ಷಣ ನಿಲ್ಲುತ್ತಿದ್ದೆ. ಆ ಚಾಳಿ ಬಿಡಲಿ ಅಂತ ಹಿಡಿಯುತ್ತಿದ್ದೆ."

"ಬಾಯಲ್ಲಿ ಹೇಳಬಹುದಿತ್ತಲ್ಲ?"

"ಎರಡು ಸಲ ಹೇಳಿದೆ. ನೀನು ನಕ್ಕುಬಿಟ್ಟೆ."

ಅವನು ಹೇಳಿದ್ದು ಭರಮೇಶನಿಗೆ ನೆನಪಿರಲಿಲ್ಲ, ತಾನು ನಕ್ಕದ್ದೂ ನೆನಪಿರಲಿಲ್ಲ. ಕ್ಷಮೆ ಕೇಳಲು ಬಂದವನು ಗಿರಣಿಯ ಕಟ್ಟೆಯ ಮೇಲೆ ಕೂತು ಅತ್ತ. ನಿಂಗರಾಜ ಅವನಿಗೆ ಚಹಾ ತರಿಸಿ ಕೊಟ್ಟ. ಆಮೇಲೆ ಮುಂದಿನ ಮೂಟೆಗೆ ಹೆಗಲು ಕೊಟ್ಟ.

ಇಷ್ಟು ಹೇಳಿ ಗುರುಗಳು ಕಥೆ ಮುಗಿಸಿದರು.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಆದರೆ ಗುರುಗಳೇ, ನನ್ನಲ್ಲಿ ತಪ್ಪು ಕಾಣುವವನು ಅವನೊಬ್ಬನೇ. ಉಳಿದವರು ಯಾರೂ ಏನೂ ಹೇಳುವುದಿಲ್ಲ" ಎಂದ.

ಗುರುಗಳು ಅಂದರು: "ಹೇಳುತ್ತಾರೆ, ನನ್ನ ಹತ್ತಿರ."