ಎಮ್ಮೆಯ ಕೆಳಗಿನ ನೀಲಿ ಪುಸ್ತಕ

ಒಂದು ಪೇಟೆ. ಪೇಟೆಯಲ್ಲೊಂದು ರಸ್ತೆ. ರಸ್ತೆಯಲ್ಲೊಂದು ಪುಸ್ತಕ ಬಿತ್ತು.

ಪುಸ್ತಕದ ಮೇಲೆ ಎಮ್ಮೆ ಕೂತುಬಿಟ್ಟಿತು.

ಯಾರ ಪುಸ್ತಕ? ಕೇಳಿ, ಹೇಳ್ತೀನಿ.

ಪುಸ್ತಕ ಕೊಂಡವಳು ಕಮಲಾಕ್ಷಿ. ಕೊಂಡಿದ್ದು ತನ್ನ ಅಕ್ಕನ ಮಗಳು ಸಿಂಚನಾಗೆ. ಸಿಂಚನಾ ಸೀಬೆ ಮರ ಹತ್ತಿದ್ದಳು. ಸೀಬೆ ಮರದಿಂದ ಬಿದ್ದಿದ್ದಳು. ಕಾಲಿಗೆ ಪ್ಲಾಸ್ಟರ್ ಹಾಕಿದ್ದರು. ಆಟ ಇಲ್ಲ, ಓಟ ಇಲ್ಲ. ಮಲಗಿದ್ದೇ ಮಲಗಿದ್ದು. ಅಮ್ಮ ಮಾತಾಡಿಸಿದರೆ ಗೋಡೆ ಕಡೆ ತಿರುಗುತ್ತಾಳೆ. ಅಪ್ಪ ಮಾತಾಡಿಸಿದರೆ ಗೋಡೆ ಕಡೆ ತಿರುಗುತ್ತಾಳೆ. ನಗು ಅನ್ನೋದು ಮನೆ ಬಿಟ್ಟೇ ಹೋಗಿತ್ತು. ಇವತ್ತು ನೋಡಿದರೆ ಅವಳ ಹುಟ್ಟಿದಹಬ್ಬ. ಹನ್ನೆರಡು ತುಂಬಿತು.

ಹನ್ನೆರಡು ಅಂದರೆ ಏನು? ಚಿಕ್ಕವಳೂ ಅಲ್ಲ. ದೊಡ್ಡವಳೂ ಅಲ್ಲ.

ಅಂಥವಳಿಗೆ ಯಾವ ಪುಸ್ತಕ? ಕಮಲಾಕ್ಷಿ ಅಂಗಡಿಗೆ ಹೋದಳು. ನಿಂತು ನಿಂತು ನೋಡಿದಳು.

ಹಳದಿ ಪುಸ್ತಕ ತೆಗೆದಳು. ಅದರಲ್ಲಿ ಟೋಪಿ ಹಾಕಿದ ಕರಡಿ. "ಇದು ಪುಟಾಣಿಗಳಿಗೆ. ಸಿಂಚನಾ ಮೂತಿ ತಿರುಗಿಸ್ತಾಳೆ." ವಾಪಸ್ ಇಟ್ಟಳು.

ಕಂದು ಪುಸ್ತಕ ತೆಗೆದಳು. ಅದರಲ್ಲಿ ಇರುವೆಯಂಥ ಅಕ್ಷರ. "ಇದು ಅವರಪ್ಪನಿಗೆ. ಸಿಂಚನಾ ಆಕಳಿಸ್ತಾಳೆ." ವಾಪಸ್ ಇಟ್ಟಳು.

ಬಿಳಿ ಪುಸ್ತಕ ತೆಗೆದಳು. ಅದರ ತುಂಬಾ ಬುದ್ಧಿಮಾತು. ಬೇಗ ಏಳು, ಮೆತ್ತಗೆ ಮಾತಾಡು, ಮರ ಹತ್ತಬೇಡ. "ಇದನ್ನ ಕೊಟ್ಟರೆ ಕಿಟಕಿಯಿಂದ ಆಚೆ ಎಸೀತಾಳೆ. ಎಸೀಲೇಬೇಕು." ವಾಪಸ್ ಇಟ್ಟಳು.

ನೀಲಿ ಪುಸ್ತಕ ತೆಗೆದಳು. ಅದರಲ್ಲೊಂದು ಹೊಳೆ. ಹೊಳೆಯಲ್ಲೊಂದು ಹರಿಗೋಲು. ಬುಟ್ಟಿಯಂಥ ದುಂಡು ದೋಣಿ. ಹರಿಗೋಲಿನಲ್ಲೊಬ್ಬ ಹುಡುಗಿ. ಕಮಲಾಕ್ಷಿ ಒಂದು ಪುಟ ಓದಿದಳು. ಇನ್ನೊಂದು ಪುಟ ಓದಿದಳು. ತಾನು ಓದದ ಪುಸ್ತಕವನ್ನು ಅವಳು ಯಾರಿಗೂ ಕೊಡುವವಳಲ್ಲ. ನಿಂತಲ್ಲೇ ಓದಿ ಮುಗಿಸಿದಳು. ಕಾಲು ಜೋಮು ಹಿಡಿಯಿತು.

"ಇದೇ," ಅಂದಳು.

"ಇರೋದು ಇದೊಂದೇ ಕಣಮ್ಮ," ಅಂದ ಅಂಗಡಿಯವನು. "ಜೋಪಾನ."

ಅವಳು ಜೋಪಾನವಾಗಿಯೇ ಎದೆಗೊತ್ತಿಕೊಂಡು ಬಂದಳು. ತಿರುವಿನಲ್ಲಿ ಸೈಕಲ್ ಬಂತು. ಟ್ರಿಣ್ ಟ್ರಿಣ್. ಕಮಲಾಕ್ಷಿ ಪಕ್ಕಕ್ಕೆ ಹಾರಿದಳು. ಪುಸ್ತಕ ಜಾರಿತು. ಕವರಿನ ಸಮೇತ ರಸ್ತೆಗೆ ಬಿತ್ತು. ಅವಳು ಬಗ್ಗುವಷ್ಟರಲ್ಲಿ ಎಮ್ಮೆ ಬಂತು. ಕೆರೆಯಲ್ಲಿ ಮಿಂದು ಬಂದ ಎಮ್ಮೆ. ಮುಂಗಾಲು ಮಡಚಿತು. ಹಿಂಗಾಲು ಮಡಚಿತು. ಪುಸ್ತಕದ ಮೇಲೆ ಧೊಪ್ಪನೆ ಕೂತಿತು.

"ಎಮ್ಮೆ ಎಮ್ಮೆ, ಏಳು. ನನ್ನ ಪುಸ್ತಕ ಕೊಡು," ಅಂದಳು ಕಮಲಾಕ್ಷಿ.

"ಏಳಲ್ಲ," ಅಂದಿತು ಎಮ್ಮೆ. "ಹಸಿರು ಹುಲ್ಲು ತಂದರೆ ಏಳ್ತೀನಿ. ಇಲ್ಲದಿದ್ದರೆ ನಾಳೆ ಏಳ್ತೀನಿ."

ಕಮಲಾಕ್ಷಿ ತಳ್ಳಿ ನೋಡಿದಳು. ಎಮ್ಮೆ ಬಾಲವನ್ನೂ ಅಲ್ಲಾಡಿಸಲಿಲ್ಲ.

"ಹುಲ್ಲು ತಾನೆ? ತಂದರಾಯಿತು," ಅಂದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಿರಬಿರ ನಡೆದಳು.

ನಡೆದು ನಡೆದು ಹುಲ್ಲು ಮಾರುವ ನಿಂಗಕ್ಕನ ಹತ್ತಿರ ಬಂದಳು.

"ನಿಂಗಕ್ಕ ನಿಂಗಕ್ಕ, ಹುಲ್ಲು ಕೊಡು.
ಹುಲ್ಲಿಲ್ಲದೆ ಎಮ್ಮೆ ಏಳಲ್ಲ.
ಎಮ್ಮೆ ಏಳದೆ ಪುಸ್ತಕ ಸಿಗಲ್ಲ.
ಪುಸ್ತಕ ಸಿಗದೆ ಸಿಂಚನಾ ನಗಲ್ಲ."

ನಿಂಗಕ್ಕ ಗದ್ದೆ ಬದುವಿನ ಮೇಲೆ ಸಿಡುಕು ಮೋರೆ ಹಾಕಿಕೊಂಡು ಕೂತಿದ್ದಳು. "ಹುಲ್ಲು ಬೇಕಾದಷ್ಟಿದೆ. ಕೊಯ್ಯೋದು ಯಾತರಲ್ಲಿ? ಕುಡುಗೋಲು ಮೊಂಡಾಗಿದೆ. ಸಾಣೆ ಹಿಡಿಸಿಕೊಂಡು ಬಾ, ಹುಲ್ಲು ಕೊಡ್ತೀನಿ. ಇಲ್ಲ ಅಂದ್ರೆ ಇಲ್ಲ."

"ಸಾಣೆ ತಾನೆ? ಹಿಡಿಸಿದರಾಯಿತು," ಅಂದಳು ಕಮಲಾಕ್ಷಿ. ಕುಡುಗೋಲು ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಿರಬಿರ ನಡೆದಳು.

ನಡೆದು ನಡೆದು ಸಾಣೆ ಹಿಡಿಯುವ ಬುಡೇನ್ ಸಾಬರ ಹತ್ತಿರ ಬಂದಳು.

"ಸಾಬರೇ ಸಾಬರೇ, ಸಾಣೆ ಹಿಡಿದು ಕೊಡಿ.
ಸಾಣೆ ಹಿಡಿಯದೆ ಕುಡುಗೋಲು ಕೊಯ್ಯಲ್ಲ.
ಕುಡುಗೋಲು ಕೊಯ್ಯದೆ ಹುಲ್ಲು ಸಿಗಲ್ಲ.
ಹುಲ್ಲಿಲ್ಲದೆ ಎಮ್ಮೆ ಏಳಲ್ಲ.
ಎಮ್ಮೆ ಏಳದೆ ಪುಸ್ತಕ ಸಿಗಲ್ಲ.
ಪುಸ್ತಕ ಸಿಗದೆ ಸಿಂಚನಾ ನಗಲ್ಲ."

ಬುಡೇನ್ ಸಾಬರು ಗಡ್ಡ ನೀವಿಕೊಂಡರು. ಕುಡುಗೋಲನ್ನು ಹೀಗೆ ನೋಡಿದರು. ಹಾಗೆ ನೋಡಿದರು. "ಹಿಡಿಯಬಹುದಿತ್ತು ಮಗಳೇ. ಆದರೆ ಚಕ್ರ ತಿರುಗಬೇಕಲ್ಲ? ಚಕ್ರದ ತೊಗಲು ಪಟ್ಟಿ ಹರಿದುಹೋಗಿದೆ. ಪಟ್ಟಿ ಹೊಲಿಸಿಕೊಂಡು ಬಾ. ಸಾಣೆ ಹಿಡಿದು ಕೊಡ್ತೀನಿ."

"ಪಟ್ಟಿ ತಾನೆ? ಹೊಲಿಸಿದರಾಯಿತು," ಅಂದಳು ಕಮಲಾಕ್ಷಿ. ಕುಡುಗೋಲು ಅಲ್ಲೇ ಇಟ್ಟಳು. ಪಟ್ಟಿ ತೆಗೆದುಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಿರಬಿರ ನಡೆದಳು.

ನಡೆದು ನಡೆದು ಚಪ್ಪಲಿ ಹೊಲಿಯುವ ತಾತನ ಹತ್ತಿರ ಬಂದಳು.

"ತಾತ ತಾತ, ಪಟ್ಟಿ ಹೊಲಿದು ಕೊಡು.
ಪಟ್ಟಿ ಹೊಲಿಯದೆ ಚಕ್ರ ತಿರುಗಲ್ಲ.
ಚಕ್ರ ತಿರುಗದೆ ಕುಡುಗೋಲು ಕೊಯ್ಯಲ್ಲ.
ಕುಡುಗೋಲು ಕೊಯ್ಯದೆ ಹುಲ್ಲು ಸಿಗಲ್ಲ.
ಹುಲ್ಲಿಲ್ಲದೆ ಎಮ್ಮೆ ಏಳಲ್ಲ.
ಎಮ್ಮೆ ಏಳದೆ ಪುಸ್ತಕ ಸಿಗಲ್ಲ.
ಪುಸ್ತಕ ಸಿಗದೆ ಸಿಂಚನಾ ನಗಲ್ಲ."

ತಾತನಿಗೆ ಇದೊಂದೂ ಕೇಳಿಸಲಿಲ್ಲ. ಯಾಕೆ? ತಾತನ ಮಡಿಲಲ್ಲಿ ಮೊಮ್ಮಗಳು ಪುಟ್ಟಿ ಅಳುತ್ತಿದ್ದಳು. ಎಂಥ ಅಳು! ಕಾಲು ಬಡಿದು, ಕೈ ಬಡಿದು, ಊರಿಗೆಲ್ಲ ಕೇಳುವ ಅಳು.

ಕಮಲಾಕ್ಷಿ ತಾತನ ಕಿವಿಗೆ ಬಾಯಿಟ್ಟು ಇನ್ನೊಂದು ಸಲ ಎಲ್ಲ ಹೇಳಿದಳು.

"ಹೊಲಿಯೋಣ ಅಂದ್ರೆ ಕೈಗೆ ಎಲ್ಲಿ ಬಿಡುವಿದೆ ತಾಯಿ?" ಅಂದ ತಾತ. "ಅವಳಮ್ಮ ಕೆಲಸಕ್ಕೆ ಹೋದಾಗಿನಿಂದ ಇದೇ ರಾಗ. ಬೆಲ್ಲ ಕೊಟ್ಟೆ, ಉಗಿದಳು. ಗಿಲಕಿ ಕೊಟ್ಟೆ, ಎಸೆದಳು. ಪುಟ್ಟಿ ಅಳು ನಿಲ್ಲಿಸಲಿ, ಪಟ್ಟಿ ಹೊಲೀತೀನಿ."

ಕಮಲಾಕ್ಷಿ ಆಕಾಶ ನೋಡಿದಳು. ಬಿಸಿಲು ಇಳಿಯುತ್ತಾ ಬಂದಿತ್ತು. ಒಂದು ಗಳಿಗೆ ಅಕ್ಕನ ಮನೆ ಕಡೆ ನೋಡಿದಳು. ಅಲ್ಲಿ ಸಿಂಚನಾ ಗೋಡೆ ನೋಡುತ್ತಾ ಮಲಗಿರುತ್ತಾಳೆ. ಹುಟ್ಟಿದಹಬ್ಬ ಹಾಗೇ ಕಳೆದುಹೋದರೆ?

ಒಂದೇ ಗಳಿಗೆ. ಅಷ್ಟೇ.

"ಅಳು ತಾನೆ? ನಿಲ್ಲಿಸಿದರಾಯಿತು," ಅಂದಳು. ಈ ಸಲ ಬಿರಬಿರ ನಡೆಯಲಿಲ್ಲ. ಪುಟ್ಟಿಯ ಮುಂದೆ ನೆಲದ ಮೇಲೆ ಕೂತಳು.

"ಪುಟ್ಟಿ ಪುಟ್ಟಿ, ಅಳು ನಿಲ್ಲಿಸು.
ನೀನು ಅಳು ನಿಲ್ಲಿಸದೆ ತಾತ ಪಟ್ಟಿ ಹೊಲಿಯಲ್ಲ.
ಪಟ್ಟಿ ಹೊಲಿಯದೆ ಚಕ್ರ ತಿರುಗಲ್ಲ.
ಚಕ್ರ ತಿರುಗದೆ ಕುಡುಗೋಲು ಕೊಯ್ಯಲ್ಲ.
ಕುಡುಗೋಲು ಕೊಯ್ಯದೆ ಹುಲ್ಲು ಸಿಗಲ್ಲ.
ಹುಲ್ಲಿಲ್ಲದೆ ಎಮ್ಮೆ ಏಳಲ್ಲ.
ಎಮ್ಮೆ ಏಳದೆ ಪುಸ್ತಕ ಸಿಗಲ್ಲ.
ಪುಸ್ತಕ ಸಿಗದೆ ಸಿಂಚನಾ ನಗಲ್ಲ."

"ನಿಲ್ಲಿಸಲ್ಲ," ಅಂದಳು ಪುಟ್ಟಿ. ಮತ್ತೆ ಬಾಯಿ ತೆರೆದಳು. ಆಮೇಲೆ ಏನನ್ನಿಸಿತೋ, ಬಾಯಿ ಮುಚ್ಚಿದಳು. "ಯಾವ ಪುಸ್ತಕ?"

"ನೀಲಿ ಪುಸ್ತಕ."

"ಅದರಲ್ಲಿ ಏನಿದೆ?"

ಪುಸ್ತಕ ಎಮ್ಮೆಯ ಕೆಳಗಿತ್ತು. ಆದರೆ ಕಥೆ? ಕಥೆ ಕಮಲಾಕ್ಷಿಯ ತಲೆಯಲ್ಲಿತ್ತು. ಓದಿ ಮುಗಿಸಿದ್ದಳಲ್ಲ! ಅವಳು ಕಾಲು ಮಡಚಿ ಸರಿಯಾಗಿ ಕೂತಳು.

"ಒಬ್ಬಳು ಹುಡುಗಿ. ಅವಳದೊಂದು ಹರಿಗೋಲು. ಊರಿನವರೆಲ್ಲ ಹೊಳೆ ಹೋಗೋ ಕಡೆ ಹೋಗ್ತಾರೆ. ಇವಳು ಹೊಳೆ ಬರೋ ಕಡೆ ಹೊರಟಳು."

ಪುಟ್ಟಿ ಬಿಕ್ಕಿದಳು. "ಯಾಕೆ?"

"ಹೊಳೆ ಎಲ್ಲಿ ಹುಟ್ಟುತ್ತೆ ಅಂತ ನೋಡಬೇಕಿತ್ತು."

"ಆಮೇಲೆ?"

"ಹುಟ್ಟು ಹಾಕಿದಳು, ಹುಟ್ಟು ಹಾಕಿದಳು. ಹೊಳೆ ಸಣ್ಣದಾಯಿತು. ಹಳ್ಳ ಆಯಿತು. ಹರಿಗೋಲು ಮುಂದೆ ಹೋಗಲಿಲ್ಲ. ಇಳಿದು ನಡೆದಳು. ಹಳ್ಳ ತೊರೆ ಆಯಿತು. ತೊರೆ ದಾರ ಆಯಿತು."

"ಆಮೇಲೆ?"

"ಬೆಟ್ಟದ ಮೇಲೊಂದು ಕಲ್ಲು. ಕಲ್ಲಿನ ಸಂದಿಯಿಂದ ತೊಟ್ಟು ತೊಟ್ಟು ನೀರು. ತೊಟ್. ತೊಟ್. ಅವಳು ಬೊಗಸೆ ಒಡ್ಡಿದಳು. ಹೊಳೆ ಅಷ್ಟೂ ಬೊಗಸೆಯಲ್ಲಿ ನಿಂತಿತು."

ಪುಟ್ಟಿ ತನ್ನ ಎರಡೂ ಕೈ ಸೇರಿಸಿದಳು. ಬೊಗಸೆ ಮಾಡಿದಳು. ಬೊಗಸೆಯೊಳಗೆ ಇಣುಕಿ ನೋಡಿದಳು.

ಅಳುವುದು ಮರೆತೇಹೋಯಿತು.

ಪುಟ್ಟಿ ಅಳು ನಿಲ್ಲಿಸಿದಳು. ತಾತ ದಬ್ಬಳ ಎತ್ತಿಕೊಂಡ. ಸರ್ರನೆ ದಾರ ಎಳೆದು ಪಟ್ಟಿ ಹೊಲಿದ.

ತಾತ ಪಟ್ಟಿ ಹೊಲಿದ. ಬುಡೇನ್ ಸಾಬರು ಪಟ್ಟಿ ಸಿಕ್ಕಿಸಿ ಪೆಡಲ್ ತುಳಿದರು. ಗಿರಗಿರ ಚಕ್ರ ತಿರುಗಿತು. ಕಿಡಿ ಹಾರಿತು.

ಚಕ್ರ ತಿರುಗಿತು. ಕುಡುಗೋಲು ಹರಿತವಾಯಿತು. ನಿಂಗಕ್ಕ ಬೆರಳು ತಾಗಿಸಿ ನೋಡಿ, "ಪರವಾಗಿಲ್ಲ," ಅಂದಳು. ಸಿಡುಕು ಮೋರೆಯಲ್ಲಿ ಸ್ವಲ್ಪ ಸಿಡುಕು ಹೋಯಿತು.

ಕುಡುಗೋಲು ಹುಲ್ಲು ಕೊಯ್ದಿತು. ಪರಪರ, ಪರಪರ. ಒಂದು ದೊಡ್ಡ ಹೊರೆ.

ಹುಲ್ಲು ಬಂತು. ಎಮ್ಮೆ ಮೂಗರಳಿಸಿತು. ಹಿಂಗಾಲು ಎತ್ತಿತು. ಮುಂಗಾಲು ಎತ್ತಿತು. "ಬೇಗ ಬಂದೆಯಲ್ಲ," ಅಂದಿತು. ಹುಲ್ಲಿಗೆ ಬಾಯಿ ಹಾಕಿತು.

ಎಮ್ಮೆ ಎದ್ದಿತು. ಪುಸ್ತಕ ಸಿಕ್ಕಿತು.

ಕವರಿಗೆ ಕೆಸರು ಹತ್ತಿತ್ತು. ಪುಸ್ತಕದ ಒಂದು ಮೂಲೆ ಮಡಚಿಕೊಂಡಿತ್ತು. ಪುಟ ಎಲ್ಲ ನೆಟ್ಟಗಿದ್ದವು. ಕಮಲಾಕ್ಷಿ ಸೆರಗಿನಲ್ಲಿ ಒರೆಸಿದಳು. ಬಿರಬಿರ ಅಲ್ಲ, ಓಡಿದಳು.

ಅಕ್ಕನ ಮನೆಯಲ್ಲಿ ಸಿಂಚನಾ ಗೋಡೆ ಕಡೆ ತಿರುಗಿ ಮಲಗಿದ್ದಳು. ಕಮಲಾಕ್ಷಿ ಒಳಗೆ ಬಂದಳು. ಓದು ಅನ್ನಲಿಲ್ಲ. ಎದ್ದು ಕೂತ್ಕೋ ಅನ್ನಲಿಲ್ಲ. ದಿಂಬಿನ ಪಕ್ಕ ಪುಸ್ತಕ ಇಟ್ಟಳು.

ಸಿಂಚನಾ ಮೂಗು ಸಿಂಡರಿಸಿದಳು. "ಚಿಕ್ಕಮ್ಮ, ಇದೇನು ವಾಸನೆ?"

"ಎಮ್ಮೆದು."

"ಎಮ್ಮೆದಾ?"

"ಪುಸ್ತಕದ ಮೇಲೆ ಕೂತಿತ್ತು. ಹುಲ್ಲು ತಂದರೇನೇ ಏಳೋದು ಅಂತು. ಇಲ್ಲದಿದ್ದರೆ ನಾಳೆ ಏಳ್ತೀನಿ ಅಂತು."

ಸಿಂಚನಾ ಈ ಕಡೆ ತಿರುಗಿದಳು. ಚಿಕ್ಕಮ್ಮನ ಸೆರಗಿನ ಕೆಸರು ನೋಡಿದಳು. ತಲೆಗೂದಲಲ್ಲಿ ಸಿಕ್ಕಿದ ಹುಲ್ಲುಕಡ್ಡಿ ನೋಡಿದಳು. ಮೊದಲು ತುಟಿ ಅಲುಗಿತು. ಆಮೇಲೆ ಹೊಟ್ಟೆ ಕುಲುಕಿತು. ಆಮೇಲೆ ಪ್ಲಾಸ್ಟರ್ ಹಾಕಿದ ಕಾಲೂ ಕುಲುಕಿತು.

ಸಿಂಚನಾ ನಕ್ಕಳು. ಅಡುಗೆಮನೆಯಲ್ಲಿ ಅವಳಮ್ಮ ಸೌಟು ಹಿಡಿದು ಹಾಗೇ ನಿಂತಳು.

ಆಮೇಲೆ ಸಿಂಚನಾ ದಿಂಬಿಗೆ ಒರಗಿ ಕೂತಳು. ಪುಸ್ತಕ ತೆರೆದಳು.

ಅಮ್ಮ ಕರೆದಳು, "ಪಾಯಸ ಕುಡಿಯೇ." ಕೇಳಿಸಲಿಲ್ಲ.

ಅಪ್ಪ ಕರೆದ, "ಪಾಯಸ ಆರುತ್ತೆ." ಕೇಳಿಸಲಿಲ್ಲ.

ಕಮಲಾಕ್ಷಿ ಕರೆಯಲಿಲ್ಲ. ತನ್ನ ಬಟ್ಟಲ ಪಾಯಸ ಕುಡಿದಳು. ಸಿಂಚನಾಳ ಬಟ್ಟಲ ಪಾಯಸಕ್ಕೆ ತಟ್ಟೆ ಮುಚ್ಚಿದಳು.

ಕಿಟಕಿಯಲ್ಲಿ ಬೆಳಕು ಕಡಿಮೆಯಾಯಿತು. ಸಿಂಚನಾ ಪುಸ್ತಕವನ್ನು ಮೂಗಿನ ಹತ್ತಿರ ತಂದಳು. ಇನ್ನೂ ಹತ್ತಿರ ತಂದಳು. ಆಮೇಲೆ, ತಲೆ ಎತ್ತದೆಯೇ, ಹೇಳಿದಳು.

"ಅಮ್ಮ, ಯಾರಾದರೂ ಸ್ವಲ್ಪ ಲೈಟ್ ಹಾಕ್ರೇ. ಅವಳು ಈಗ ಹರಿಗೋಲಿಂದ ಇಳೀತಿದಾಳೆ."

ಚಿಕ್ಕಮ್ಮ ಎದ್ದು ಲೈಟ್ ಹಾಕಿದಳು.

ಅವರ ಮನೆಯಲ್ಲಿ ದೀಪ ಹತ್ತಿತು. ನಮ್ಮ ಬಾಯಲ್ಲಿ ಕಥೆ ಮುಗಿಯಿತು.