ಇನ್ನೂ ಮುಟ್ಟದ ಎರಡನೆಯ ಪತ್ರಿಕೆ

ಪೂಜ್ಯ ಯೋವೇಲಪ್ಪ ಅಯ್ಯನವರು ಸಭಾಪಾಲನೆಯಿಂದ ನಿವೃತ್ತರಾದ ಮೇಲೆ ಗದಗ ಸೀಮೆಯ ಒಂದು ನೇಕಾರರ ಓಣಿಯಲ್ಲಿ, ಕ್ರೈಸ್ತ ದೇವಾಲಯಕ್ಕೆ ಅಂಟಿಕೊಂಡ ಕೋಣೆಯಲ್ಲಿ ವಾಸವಾಗಿದ್ದರು. ಒಂದು ಚಾಪೆ, ಒಂದು ಸತ್ಯವೇದ, ಒಂದು ರಾಟೆ, ಇಷ್ಟೇ ಅವರ ಆಸ್ತಿ. ಓಣಿಯ ಮಗ್ಗಗಳಿಗೆ ಬೇಕಾದ ನೂಲಿನ ಕಂಡಿಕೆಗಳನ್ನು ಕೂಲಿ ಪಡೆಯದೆ ಸುತ್ತಿಕೊಡುತ್ತಿದ್ದರು. ಕೂತು ಉಂಡ ಅನ್ನ ತಮಗೆ ಅರಗುವುದಿಲ್ಲ ಎಂದು ನಗುತ್ತಿದ್ದರು.

ಆ ಸಭೆಯಲ್ಲಿ ಹಿಂದಿನಿಂದ ಬಂದ ಒಂದು ಶಿಸ್ತು ಇತ್ತು. ದೊಡ್ಡ ತಪ್ಪಿಗೆ ಸಿಕ್ಕವರನ್ನು ಕರ್ತನ ಭೋಜನದಿಂದ ಹೊರಗಿಡುತ್ತಿದ್ದರು. ಅಂಥವರು ಆರಾಧನೆಗೆ ಬರಬಹುದು, ಆದರೆ ಹಂಚಿಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸದ ಪಾತ್ರೆ ಮೇಜಿಗೆ ಬಂದಾಗ ಎದ್ದುಹೋಗಿ ಹೊರಗಿನ ಕಟ್ಟೆಯ ಮೇಲೆ ಕೂರಬೇಕು. ಅವರು ತಿದ್ದಿಕೊಂಡರೆಂದು ಕಂಡಾಗ, ಭೋಜನದ ಹಿಂದಿನ ಶುಕ್ರವಾರದ ಕೂಟದಲ್ಲಿ ಹಿರಿಯರು ಅವರನ್ನು ಮತ್ತೆ ಸೇರಿಸಿಕೊಳ್ಳುತ್ತಿದ್ದರು.

ಆ ಹಿರಿಯರಲ್ಲಿ ಮುಖ್ಯರು ಶಾಲೆಯ ಗಿದ್ಯೋನಪ್ಪ ಮಾಸ್ತರರು. ಅಪೊಸ್ತಲ ಪೌಲರು ಹಿಂದೆ ಬೇರೆ ಬೇರೆ ಊರಿನ ಸಭೆಗಳಿಗೆ ಬರೆದ ಪತ್ರಗಳಿಗೆ ಸತ್ಯವೇದದಲ್ಲಿ ಪತ್ರಿಕೆಗಳೆಂದು ಹೆಸರು; ಭಾನುವಾರದ ಪತ್ರಿಕೆಯ ಪಾಠವನ್ನು ಮಾಸ್ತರರೇ ಓದುವುದು. ಓದುವಾಗ ಮಾಸ್ತರರ ಕಣ್ಣು ಯಾರ ಮೇಲೆ ಬೀಳುತ್ತದೋ ಆ ದಿನದ ಪತ್ರಿಕೆ ಅವರಿಗೆ ಎಂದು ಜನ ತಮ್ಮೊಳಗೇ ಗುಸುಗುಸು ಮಾತಾಡಿಕೊಳ್ಳುತ್ತಿದ್ದರು. ಅವರ ಸತ್ಯವೇದದ ತುಂಬ ಕೆಂಪು ಪೆನ್ಸಿಲಿನ ಗೆರೆಗಳು. ಮಕ್ಕಳ ಪರೀಕ್ಷೆ ತಿದ್ದಿ ತಿದ್ದಿ ಕೈಗೆ ಬಂದ ಚಟ, ಏನು ಮಾಡುವುದು! ಒಂದೊಂದು ಗೆರೆಯೂ ಓಣಿಯ ಒಬ್ಬೊಬ್ಬರಿಗಾಗಿ ಎಳೆದದ್ದು.

ಹೊರಗಿನ ಕಟ್ಟೆಯ ಮೇಲೆ ಆಗ ಕೂರುತ್ತಿದ್ದವನು ಮಾಸ್ತರರ ಒಡಹುಟ್ಟಿದ ತಮ್ಮ, ನೇಕಾರ ಬೆನ್ಯಾಮೀನ. ಕುಡಿತ ಅವನನ್ನು ಅಲ್ಲಿ ಕೂರಿಸಿತ್ತು. ಹೆಂಡವನ್ನು ಬಿಟ್ಟು ವರ್ಷವಾಗುತ್ತ ಬಂದಿದ್ದರೂ ಅಣ್ಣ ಅವನ ಮನೆಯ ನೀರು ಮುಟ್ಟಿರಲಿಲ್ಲ. ಉಳಿದ ಹಿರಿಯರು ಅವನನ್ನು ಈ ಸಲ ಸೇರಿಸಿಕೊಳ್ಳೋಣ ಎನ್ನುತ್ತಿದ್ದರು. ಮಾಸ್ತರರು ಬಗ್ಗಲಿಲ್ಲ. ಅಯ್ಯನವರ ಬಾಯಿಂದ ಒಂದು ಮಾತು ಬಂದರೆ ಎಲ್ಲರೂ ಸುಮ್ಮನಾಗುತ್ತಾರೆಂದು ಶುಕ್ರವಾರದ ಮಧ್ಯಾಹ್ನ ಸತ್ಯವೇದ ಹಿಡಿದು ಅವರ ಕೋಣೆಗೆ ಬಂದರು.

ಅಯ್ಯನವರು ರಾಟೆಯ ಮುಂದಿದ್ದರು. ಮಾಸ್ತರರು ನಮಸ್ಕರಿಸಿ ಚಾಪೆಯ ಅಂಚಿನಲ್ಲಿ ಕೂತರು.

"ಅಯ್ಯನವರ, ಕುಡುಕನ ಜೋಡಿ ಊಟಕ್ಕೂ ಕೂಡಬ್ಯಾಡ್ರಿ ಅಂತ ಪೌಲರು ಕೊರಿಂಥದ ಸಭಾಕ್ಕ ಸ್ಪಷ್ಟ ಬರದಾರ. ನಮ್ಮ ತಮ್ಮ ಅಂತ ಅದನ್ನ ನಾ ಅಳಸಲಿಕ್ಕೆ ಬರ್ತದೇನ್ರಿ?"

ಅಯ್ಯನವರು ರಾಟೆಯನ್ನು ನಿಲ್ಲಿಸಿದರು.

"ಈ ವಾರ ಬೆನ್ಯಾಮೀನ ಕಂಡಿಕಿ ಒಯ್ಯಲಿಕ್ಕೆ ಬರಲಿಲ್ಲ. ಮಗ್ಗ ನಿಲ್ಲಿಸಿ ಗ್ವಾಡಿಗೆ ಮುಖ ಮಾಡಿ ಮಲಗ್ಯಾನಂತ. ಇನ್ನ ಮ್ಯಾಲೆ ಗುಡಿಗೆ ಬರೂದಿಲ್ಲಂತ" ಎಂದರು.

ಮಾಸ್ತರರು ತಲೆ ತಗ್ಗಿಸಿದರು. ಆದರೂ ಬಿಡದೆ, "ಬರದದ್ದು ಬರದದ್ದ ಅಲ್ರಿ?" ಎಂದರು.

ಅಯ್ಯನವರು ಕೈ ಚಾಚಿ ಮಾಸ್ತರರ ಸತ್ಯವೇದವನ್ನು ತೆಗೆದುಕೊಂಡರು. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆ ಕೆಂಪು ಗೆರೆಗಳಿಂದ ತುಂಬಿತ್ತು. ಅವರು ಹಾಳೆ ಮಗುಚಿದರು. ಎರಡನೆಯ ಪತ್ರಿಕೆಯ ಮೇಲೆ ಒಂದು ಗೆರೆಯೂ ಇರಲಿಲ್ಲ.

"ಮಾಸ್ತರ, ಈ ಪತ್ರಿಕಿ ನಿಮಗಿನ್ನೂ ಮುಟ್ಟಿಲ್ಲೇನ್ರಿ?"

ಅಷ್ಟು ಹೇಳಿ ಒಂದು ಕಡೆ ಬೆರಳಿಟ್ಟು ತೋರಿಸಿದರು. ತಪ್ಪಿದವನಿಗೆ ಆದ ಶಿಕ್ಷೆ ಸಾಕು, ಈಗ ಅವನನ್ನು ಕ್ಷಮಿಸಿ ಸಂತೈಸಿರಿ, ಇಲ್ಲವಾದರೆ ಅವನು ದುಃಖದಲ್ಲಿ ಮುಳುಗಿಹೋದಾನು ಎಂದು ಅದೇ ಅಪೊಸ್ತಲರು ಅದೇ ಸಭೆಗೆ ಬರೆದ ಭಾಗವದು. ಮಾಸ್ತರರು ಅದನ್ನು ಓದಿಲ್ಲವೆಂದಲ್ಲ. ಸಭೆಯ ಮುಂದೆ ಎಷ್ಟೋ ಸಲ ಓದಿದ್ದರು. ಆಗೆಲ್ಲ ಅದು ಕೊರಿಂಥದ ಸಮಾಚಾರವಾಗಿ ಕೇಳಿತ್ತು. ಇಂದು ಓದಿದರೆ ಮುಳುಗುವವನಿಗೆ ಒಂದು ಮುಖವಿತ್ತು. ಚಿಕ್ಕವನಿದ್ದಾಗ ಮಾಸ್ತರರ ಹೆಗಲ ಮೇಲೆ ನಿದ್ದೆಹೋಗುತ್ತಿದ್ದ ಬೆನ್ಯಾಮೀನನ ಮುಖ ಅದು.

"ಏನ ಮಾಡ್ಲಿರಿ ಅಯ್ಯನವರ?"

"ಆಗ ಪತ್ರಿಕಿ ಟಪಾಲಿನ್ಯಾಗ ಹೋಗ್ತಿದ್ದಿಲ್ಲ. ಯಾರರ ನಡಕೊಂತ ಒಯ್ದು ಮುಟ್ಟಸ್ತಿದ್ರು" ಎಂದರು ಅಯ್ಯನವರು. ಮತ್ತೆ ರಾಟೆಗೆ ಕೈ ಹಚ್ಚಿದರು.

ಮಾಸ್ತರರು ಸತ್ಯವೇದ ಹಿಡಿದು ಓಣಿಯ ಆ ತುದಿಗೆ ನಡೆದರು. ಬಾಗಿಲು ತೆರೆದೇ ಇತ್ತು. ಅಣ್ಣನ ಕೈಯಲ್ಲಿ ಗ್ರಂಥ ಕಂಡದ್ದೇ ಬೆನ್ಯಾಮೀನ ಎದ್ದು ಕೂತು, ತಪ್ಪು ಮಾಡಿದ ವಿದ್ಯಾರ್ಥಿ ನಿಲ್ಲುವ ಹಾಗೆ ಕೈ ಕಟ್ಟಿಕೊಂಡ. ಆ ಕಟ್ಟಿದ ಕೈಗಳನ್ನು ನೋಡಿ ಮಾಸ್ತರರಿಗೆ ತಾವು ಇಷ್ಟು ವರ್ಷ ಮಾಡಿದ ಕೆಲಸ ಏನೆಂದು ತಿಳಿಯಿತು. ಓದಲು ಬಾಯಿ ತೆರೆದರು, ದನಿ ಏಳಲಿಲ್ಲ. ಎಲ್ಲರ ಮುಂದೆ ಅಷ್ಟು ಘನವಾಗಿ ಏಳುತ್ತಿದ್ದ ದನಿ ಅದು.

ಕೊನೆಗೆ ಬೆನ್ಯಾಮೀನನೇ ಮೆಲ್ಲಗೆ ಕೇಳಿದ: "ಇದೂ ನನಗ ಬರದದ್ದೇನಣ್ಣ?"

"ಇಲ್ಲೋ ತಮ್ಮಾ" ಎಂದರು ಮಾಸ್ತರರು. "ಇದು ನನಗ ಬರದದ್ದು. ನಾ ಓದಲಾರೆ. ನೀನ ಓದಿ ಹೇಳು, ನಾ ಕೇಳ್ತೀನಿ."

ಅವರು ತಮ್ಮನ ಮುಂದೆ ನೆಲದ ಮೇಲೆ ಕೂತರು. ಬೆನ್ಯಾಮೀನ ತಡವರಿಸುತ್ತ ಓದತೊಡಗಿದ. ಮಾಸ್ತರರು ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಕೊನೆಯ ಮಾತಿನವರೆಗೂ ಕೇಳಿದರು.